ಕಂಡಕ್ಟರಕ್ಕನ ತಿಲ್ಲಿ

ಬೈಲಹೊಂಗಲದ ನನ್ನ ಆಸ್ಪತ್ರೆಯ ಬಾಗಿಲಿಗೆ ಟ್ರ್ಯಾಕ್ಟರು ಬಂದದ್ದುಂಟು, ಮೇವಿನ ಲಾರಿ ಬಂದದ್ದುಂಟು, ಮೆರವಣಿಗೆಯಿಂದ ತಪ್ಪಿಸಿಕೊಂಡ ಕುದುರೆಯೊಂದು ಮದುಮಗನ ಸಮೇತ ಬಂದದ್ದೂ ಉಂಟು. ಆದರೆ ‘ರಾಮದುರ್ಗ–ಬೈಲಹೊಂಗಲ’ ಎಂದು ಹಣೆಯ ಮೇಲೆ ಬರೆದುಕೊಂಡ ಸರ್ಕಾರಿ ಬಸ್ಸು, ಕೂತವರು ನಿಂತವರು ಎಲ್ಲರ ಸಮೇತ, ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟು ನೇರ ನನ್ನ ಗೇಟಿಗೆ ದಯಮಾಡಿಸಿದ್ದು ಅದೇ ಮೊದಲು.

ಬಸ್ಸಿನಿಂದ ಇಳಿದು ಬಂದವಳು ಅದರ ಕಂಡಕ್ಟರು. ಮೂವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕೊರಳಲ್ಲಿ ಟಿಕೆಟ್ ಮಶೀನು, ಬಗಲಲ್ಲಿ ಚರ್ಮದ ಚೀಲ. ಬಂದವಳೇ ಕುರ್ಚಿಯಲ್ಲಿ ಕೂರದೆ, ನಿಂತೇ ಅಪ್ಪಣೆ ಕೊಟ್ಟಳು.

“ಡಾಕ್ಟರ್ರ, ಎಡಗಡೆ ಹೆಗಲಿಗೆ ಒಂದ್ ಸೂಜಿ ಚುಚ್ಚ್ರಿ. ಲಗೂನ. ಮಂದಿ ಬಸ್ನ್ಯಾಗ ಕುಂತೈತಿ.”

“ಹೆಗಲಿಗೆ ಏನ್ ಬಡೀತು?”

“ಹೆಗಲಿಗೆ ಏನೂ ಬಡದಿಲ್ರಿ. ಯರಗಟ್ಟಿ ದಾಟಿದ ಮ್ಯಾಲ ಎಮ್ಮಿ ಅಡ್ಡ ಬಂತು, ಇವರು ಬ್ರೇಕ್ ಒತ್ತಿದ್ರು, ನಾ ಹೋಗಿ ಸೀಟಿನ ಕಂಬಿಗೆ ಬಿದ್ನಿ.” ಎಡಗಡೆಯ ಕೊನೆಯ ಪಕ್ಕೆಲುಬುಗಳನ್ನು ಮುಟ್ಟಿ ತೋರಿಸಿದಳು. “ಇಲ್ಲಿ ಬಡದದ್ದು. ಆದ್ರ ನೋವು ಹೆಗಲಾಗ ಐತಿ. ಏನಂತ ಹೇಳಬೇಕು ಈ ಮೈಗೆ!”

ಅವಳ ಹಿಂದೆ ಬಾಗಿಲು ತುಂಬಿ ನಿಂತಿದ್ದವನು ಡ್ರೈವರು. ಹಣೆ ತುಂಬ ವಿಭೂತಿ, ಮುಖ ತುಂಬ ಬೆವರು. “ಎಮ್ಮಿ ಉಳೀತ್ರಿ” ಎಂದ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ.

ಮೈ ಎಂಬುದು ಕೆಲವೊಮ್ಮೆ ತಪ್ಪು ವಿಳಾಸಕ್ಕೆ ಟಪಾಲು ಹಾಕುತ್ತದೆ. ಹೊಟ್ಟೆಯೊಳಗೆ ರಕ್ತ ಸುರಿದು, ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕೆಳಗೆ ನಿಂತರೆ ನೋವು ಹೋಗಿ ಎಡ ಹೆಗಲಿನಲ್ಲಿ ಕೂರುತ್ತದೆ. ಎರಡಕ್ಕೂ ಒಂದೇ ನರದ ಸಂಬಂಧ. ಇದು ನನ್ನ ಕಾಲದ ವಿದ್ಯಾರ್ಥಿಗಳಿಗೆ ಬೈದು ಕಲಿಸಿದ ಪಾಠ. ಅವಳನ್ನು ಮಲಗಿಸಿ ನಾಡಿ ಹಿಡಿದೆ. ತೆಳ್ಳಗೆ ಓಡುತ್ತಿತ್ತು. ಒಳಗೆ ರಕ್ತವಿದ್ದರೆ ವಪೆಗೆ ತಾಗಲೆಂದು ಮಂಚದ ಕಾಲ್ದೆಸೆ ಎತ್ತಿಸಿದೆ. “ಅಯ್ಯಯ್ಯ, ಹೆಗಲು!” ಎಂದು ಕೂಗಿದಳು. ಸ್ಕ್ಯಾನಿನ ಪರದೆಯ ಮೇಲೆ, ಇರಬಾರದ ಕಡೆಯೆಲ್ಲ ಕರಿ ನೆರಳು. ತಿಲ್ಲಿ ಒಡೆದಿತ್ತು.

ತಿಲ್ಲಿ ಎಂದರೆ ಪುಸ್ತಕದವರ ಗುಲ್ಮ, ಇಂಗ್ಲಿಷಿನವರ ಸ್ಪ್ಲೀನ್. ಹೊಟ್ಟೆಯ ಎಡ ಮೂಲೆಯಲ್ಲಿ, ಪಕ್ಕೆಲುಬಿನ ಮರೆಯಲ್ಲಿ, ಯಾರ ತಂಟೆಗೂ ಹೋಗದೆ ಕೂತಿರುವ ನೇರಳೆ ಬಣ್ಣದ ಮಹನೀಯ. ಹೃದಯಕ್ಕೆ ಸಿಕ್ಕ ಮರ್ಯಾದೆ ಇವನಿಗೆ ಸಿಕ್ಕಿಲ್ಲ. ನಾನು ಡ್ರೈವರನಿಗೆ ಗುಲ್ಮ ಎಂದೆ, ಅವನು ಮಿಕಿಮಿಕಿ ನೋಡಿದ. ತಿಲ್ಲಿ ಎಂದೆ.

“ತಿಲ್ಲಿ ಅಂದ್ರ... ಕುರೀದು ಹುರದು ತಿಂತಾರಲ್ರಿ, ಅದ?” ಎಂದು, ಕೂಡಲೇ ಸುತ್ತ ನೋಡಿ, “ನಮ್ಮನ್ಯಾಗ ತಿನ್ನಾಂಗಿಲ್ರಿ. ಹೆಸರು ಗೊತ್ತೈತಿ ಅಷ್ಟ” ಎಂದು ತಿದ್ದಿಕೊಂಡ.

ಬೆಳಗಾವಿಗೆ ಕಳಿಸುವುದು ಶಾಸ್ತ್ರ. ಅಲ್ಲಿ ದೊಡ್ಡ ಆಸ್ಪತ್ರೆಗಳಿವೆ, ಹಗಲೂ ರಾತ್ರಿ ರಕ್ತ ಸಿಗುತ್ತದೆ. ಆದರೆ ನಾನು ಕಾಗದ ಬರೆಯಲು ಕೂತಾಗಲೇ ಅವಳ ತುಟಿ ಬಿಳಿಚತೊಡಗಿತ್ತು. ಆ ರಸ್ತೆಯಲ್ಲಿ ಆಂಬುಲೆನ್ಸಿನಲ್ಲಿ ಕಳಿಸಿದರೆ ಅವಳು ಜೀವಂತ ತಲುಪುವಂತಿರಲಿಲ್ಲ. ಕಾಗದ ಹರಿದೆ. ಆಪರೇಷನ್ನಿನ ಒಪ್ಪಿಗೆಗೆ ಅವಳೇ ಸಹಿ ಮಾಡಿದಳು. ಮಾಡುವಾಗ ಕೇಳಿದಳು: “ಬಸ್ ಯಾರು ಒಯ್ಯತಾರ?”

ಅರಿವಳಿಕೆ ಕೊಡುವ ವೈದ್ಯೆ ಅವತ್ತು ಕಿತ್ತೂರಿನಲ್ಲಿದ್ದರು. ಫೋನು ಮಾಡಿದೆ. “ಬಂದೆ. ನಾ ಬರೂತನಾ ಕೈ ಹಚ್ಚಬ್ಯಾಡ್ರಿ” ಎಂದು ಇಟ್ಟುಬಿಟ್ಟರು. ಅವರು ಬರುವವರೆಗೆ ಮಾಡಲು ಇದ್ದದ್ದು ಎರಡೇ ಕೆಲಸ: ಎರಡೂ ಕೈಗೆ ದಪ್ಪ ಸೂಜಿ ಚುಚ್ಚಿ ಸಲೈನು ಬಿಡುವುದು, ಗಡಿಯಾರದ ಕಡೆ ನೋಡದೆ ಇರುವುದು. ತಾಲೂಕಿನ ರಕ್ತ ಸಂಗ್ರಹದಲ್ಲಿ ಅವಳ ಗುಂಪಿನ ಬಾಟಲಿ ಎರಡೇ ಇದ್ದವು. ಸುದ್ದಿ ಹೇಗೋ ಬಸ್ಸಿಗೆ ಮುಟ್ಟಿ, ಅರ್ಧ ಬಸ್ಸು ಅಂಗಿಯ ತೋಳು ಮಡಚಿಕೊಂಡು ನನ್ನ ವರಾಂಡಕ್ಕೆ ಬಂತು. ಒಬ್ಬ ಮುದುಕಿಯಂತೂ, “ನಂದು ತಗೋರಿ, ನನಗ ಇಷ್ಟ್ ಯಾಕ ಬೇಕು ಈಗ” ಎಂದಳು. ಪರೀಕ್ಷೆ ಮಾಡದ ರಕ್ತವನ್ನು ತೋಳಿನಿಂದ ತೋಳಿಗೆ ಹಾಕಲು ಕಾನೂನೂ ಬಿಡುವುದಿಲ್ಲ, ರೋಗಾಣುಗಳೂ ಬಿಡುವುದಿಲ್ಲ. ಕೈ ಮುಗಿದು ವಾಪಸ್ಸು ಕಳಿಸಿದೆ. ಸಿಟ್ಟಾಗಿ ಹೋದರು. ಒಳ್ಳೆಯ ಮನಸ್ಸಿನ ಮಂದಿಯನ್ನು ಬೇಡವೆನ್ನುವುದು ಕತ್ತಿ ಹಿಡಿಯುವುದಕ್ಕಿಂತ ಕಷ್ಟ.

ಹೊಟ್ಟೆ ತೆರೆದಾಗ ರಕ್ತ ಉಕ್ಕಿ ನನ್ನ ಚಪ್ಪಲಿಯವರೆಗೆ ಬಂತು. ಕರುಳಿಗೆ ಏಟಾಗಿದೆಯೇ ಎಂದು ಮೊದಲು ತಡಕಾಡಿದೆ. ಆಗಿರಲಿಲ್ಲ. ಹಾಗಿದ್ದಮೇಲೆ ಈ ರಕ್ತ ಶುದ್ಧ, ಅವಳದೇ ಸೊತ್ತು. ಚೆಲ್ಲುವುದು ಯಾಕೆ? ನಮ್ಮಲ್ಲಿ ಕುದಿಸಿಟ್ಟ ಸ್ಟೀಲಿನ ಸೌಟೊಂದಿದೆ. ಸಿಸ್ಟರುಗಳು ಅದಕ್ಕೆ ‘ಹುಗ್ಗಿ ಸೌಟು’ ಎಂದು ಹೆಸರಿಟ್ಟಿದ್ದಾರೆ. ಅದರಿಂದ ಮೊಗೆದು, ಪದರ ಪದರ ಅರಿವೆಯಲ್ಲಿ ಸೋಸಿ, ಹೆಪ್ಪುಗಟ್ಟದ ದ್ರಾವಣವಿದ್ದ ಚೀಲಕ್ಕೆ ತುಂಬಿ ಮತ್ತೆ ಅವಳ ರಕ್ತನಾಳಕ್ಕೇ ಬಿಟ್ಟೆವು. ಈಗಿನ ಹುಡುಗರು ಇದನ್ನು ಮ್ಯೂಸಿಯಮ್ಮಿನಲ್ಲಿಡಬೇಕಾದ ವಿದ್ಯೆ ಎನ್ನುತ್ತಾರೆ. ಇರಲಿ. ಮ್ಯೂಸಿಯಮ್ಮೇ ಅವತ್ತು ಕೈ ಹಿಡಿಯಿತು.

ತಿಲ್ಲಿಯನ್ನು ಉಳಿಸಲು ಹೊಲಿಗೆ ಹಾಕಿದೆ. ಚಹಾದಲ್ಲಿ ನೆನೆದ ಖಾರಿ ಬಿಸ್ಕಿಟ್ಟಿಗೆ ಹೊಲಿಗೆ ಹಾಕಿದ ಹಾಗೆ. ದಾರ ಎಳೆದರೆ ಅಂಚೇ ಕಿತ್ತು ಬರುತ್ತಿತ್ತು. ಅರಿವೆ ಒತ್ತಿ ಹಿಡಿದು ಕಾದೆ. ಕೈ ತೆಗೆದ ಕೂಡಲೇ ಮತ್ತೆ ಬುಗ್ಗೆ. ತಿಲ್ಲಿಯ ಸೀಳು, ರಕ್ತನಾಳಗಳು ಒಳಹೋಗುವ ಬಾಯಿಯವರೆಗೂ ಹೋಗಿತ್ತು.

“ಪ್ರೆಶರ್ ಇಳ್ಯಾಕತ್ತೈತಿ” ಎಂದರು ಅರಿವಳಿಕೆಯವರು, ತಲೆಯ ದೆಸೆಯಿಂದ. “ಪ್ರೇಮ ಸಾಕು ಮಾಡ್ರಿ. ತಗೀರಿ ಅದನ್ನ.”

ತೆಗೆದೆ. ನಾಳಗಳಿಗೆ ಗಂಟು ಬಿಗಿದು, ಕತ್ತರಿಸಿ, ಟ್ರೇಯಲ್ಲಿಟ್ಟೆ. ಸ್ವಲ್ಪ ಹೊತ್ತಿಗೆ ಪ್ರೆಶರು ಇಳಿಯುವುದು ನಿಂತಿತು. ಇಲ್ಲಿಗೆ ಹೊಟ್ಟೆ ಮುಚ್ಚಿ ಕೈ ತೊಳೆದುಕೊಂಡರೆ ಯಾರೂ ನನ್ನನ್ನು ಏನೂ ಅನ್ನುತ್ತಿರಲಿಲ್ಲ. ತಿಲ್ಲಿ ಇಲ್ಲದೆ ಮನುಷ್ಯ ಬದುಕುತ್ತಾನೆ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೇಗೆ ಬದುಕುತ್ತಾನೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಹಾಕಿರುತ್ತವೆ: ರಕ್ತಕ್ಕೆ ಇಳಿದ ಕೆಲವು ಜಾತಿಯ ರೋಗಾಣುಗಳನ್ನು, ಮೈಗೆ ಕವಚ ಹೊದ್ದುಕೊಂಡು ಬರುವಂಥವನ್ನು, ಸೋಸಿ ಹಿಡಿಯುವ ಜಾಗ ಇದೇ. ಅದಿಲ್ಲದವರಿಗೆ ಬೆಳಿಗ್ಗೆ ಬಂದ ಜ್ವರ ಸಂಜೆಯೊಳಗೆ ಜೀವ ಒಯ್ದೀತು. ಈಕೆಯೋ, ದಿನವಿಡೀ ನಾಲ್ಕು ತಾಲೂಕಿನ ಕೆಮ್ಮನ್ನು ಉಸಿರಾಡುವ ನೌಕರಿಯವಳು.

ಟ್ರೇಯ ಕಡೆ ನೋಡುತ್ತ ನಿಂತೆ.

ನಾನು ಓದುವಾಗ ತಿಲ್ಲಿಯ ಪಾಠದಲ್ಲಿ ಬಿಳಿ ರಕ್ತಕಣಗಳೇ ವೀರರು. ಆ ವೀರರು ವಾಸಿಸುವ ಜಾಲವನ್ನು, ಉದ್ದುದ್ದ ಕೈ ಚಾಚಿ ಒಂದನ್ನೊಂದು ಹಿಡಿದು ನಿಂತ ಆಸರೆಯ ಕೋಶಗಳನ್ನು, ಇಟ್ಟಿಗೆ ಸಿಮೆಂಟು ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಪುಟ ತಿರುವುತ್ತಿದ್ದರು. ಈಚಿನ ವರ್ಷಗಳಲ್ಲಿ ಆ ಇಟ್ಟಿಗೆಗಳ ಯೋಗ್ಯತೆ ಹೊರಬಿದ್ದಿದೆ. ರಾಸಾಯನಿಕ ಸಂಕೇತ ಕೊಟ್ಟು ಬಿಳಿ ರಕ್ತಕಣಗಳಲ್ಲಿ ಬಿ ಕಣಗಳನ್ನು ಒಂದು ಕಡೆ, ಟಿ ಕಣಗಳನ್ನು ಇನ್ನೊಂದು ಕಡೆ ಕರೆದು ಕೂರಿಸುವವು ಅವೇ. ಕಣಗಳು ಸಾಯದಂತೆ ಪೋಷಿಸುವವು ಅವೇ. ರೋಗಾಣುವನ್ನು ಕಂಡ ಕಣವೂ ಅದರ ಜತೆ ಹೋರಾಡಬೇಕಾದ ಕಣವೂ ಒಂದನ್ನೊಂದು ಭೇಟಿಯಾಗುವ ದಾರಿ ಹಾಕಿಕೊಡುವವೂ ಅವೇ. ಟಿ ಕಣಗಳು ಕೆರಳಿ ಮಿತಿಮೀರಿ ಬೆಳೆದರೆ ಸಾಕು ಎಂದು ತಡೆಯುವುದರಲ್ಲೂ ಅವುಗಳ ಕೈಯಿದೆ. ನನಗೆ ಅವತ್ತು ಬೇಕಾಗಿದ್ದ ಸಂಗತಿ ಇನ್ನೊಂದು. ತಿಲ್ಲಿಯನ್ನು ತೆಳ್ಳಗೆ ಹೋಳು ಮಾಡಿ ಹೊಟ್ಟೆಯೊಳಗೆ ಕರುಳಿನ ಮೇಲೆ ಇಳಿಬಿದ್ದ ಕೊಬ್ಬಿನ ಸೆರಗಿನಲ್ಲಿ ಕಟ್ಟಿಟ್ಟರೆ, ರಕ್ತವಿಲ್ಲದೆ ಹೋಳಿನ ನಡುಭಾಗ ಸತ್ತುಹೋಗುತ್ತದೆ. ಅಂಚಿನಲ್ಲಿ ಮಾತ್ರ ಆಸರೆಯ ಕೋಶಗಳು ಹಟ ಹಿಡಿದು ಉಳಿಯುತ್ತವೆ. ಹೊಸ ರಕ್ತನಾಳ ಬಂದರೆ ಜಾಲವನ್ನು ಮತ್ತೆ ಹೆಣೆಯುತ್ತವೆ, ಓಡಾಡುವ ಕಣಗಳನ್ನು ಮತ್ತೆ ಕರೆಯುತ್ತವೆ. ಮೂಲದ ಮನೆಯಷ್ಟು ಗಟ್ಟಿಯಾಗುತ್ತದೆಯೇ, ಜೀವ ಕಾಯುವಷ್ಟು ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಪಂಡಿತರಲ್ಲಿ ಜಗಳವಿದೆ. ಮಾಡಿಯೇ ತೀರಬೇಕು ಎಂದು ಯಾರೂ ಹೇಳುವುದಿಲ್ಲ.

“ಇನ್ನೂ ಸ್ವಲ್ಪ ಹೊತ್ತು ಬೇಕು” ಎಂದೆ.

“ಯಾತಕ್ಕ?”

ಹೇಳಿದೆ. ಅರಿವಳಿಕೆಯವರು ಕನ್ನಡಕದ ಮೇಲಿಂದ ನೋಡಿದರು. “ಹೊಟ್ಟಿ ಮುಚ್ಚೂ ಹೊತ್ತಿನ್ಯಾಗ ತೋಟಗಾರಿಕೀನ? ಪ್ರೆಶರ್ ನಿಂತೈತಿ ಅಂತ ಕುಣೀಬ್ಯಾಡ್ರಿ ಸರ. ಮತ್ತ ಇಳದ್ರ ನಾ ಏನ್ ಹಿಡಕೊಂಡು ಎಬ್ಬಸ್ಲಿ? ರಕ್ತ ಮುಗದೈತಿ, ನಿಮ್ಮ ಹುಗ್ಗಿನೂ ಮುಗದೈತಿ.”

ಅವರ ಮಾತು ಸರಿಯಿತ್ತು. ಅದನ್ನು ಒಪ್ಪಿಕೊಂಡೇ ನಾನು ಬ್ಲೇಡು ಕೇಳಿದೆ. “ಈಕಿ ನಾಳೆ ಮತ್ತ ಬಸ್ ಹತ್ತತಾಳ” ಎಂದೆ. “ಮನ್ಯಾಗ ಕುಂಡ್ರೂ ಹೆಣಮಗಳಲ್ಲ. ಬರಿಗೈಲೆ ಹ್ಯಾಂಗ ಕಳಸ್ಲಿ?”

ಅವರು ಸಲೈನಿನ ಗಾಲಿ ತಿರುವಿದರು. ನಮ್ಮಲ್ಲಿ ಅದೇ ಸಮ್ಮತಿ.

ಒಡೆಯದೆ ಉಳಿದಿದ್ದ ಭಾಗದಿಂದ ಮೇಲಿನ ಪೊರೆ ಸುಲಿದು, ತೆಳ್ಳನೆಯ ಹೋಳು ಮಾಡಿ, ಕೊಬ್ಬಿನ ಸೆರಗಿನಲ್ಲಿ ಚಿಕ್ಕ ಚಿಕ್ಕ ಜೇಬು ಹೊಲಿದು ಒಂದೊಂದರಲ್ಲಿ ಒಂದೊಂದನ್ನು ಮಲಗಿಸಿದೆ. ಪ್ರೆಶರು ಒಮ್ಮೆ ಇಳಿಯಿತು. ಅರಿವಳಿಕೆಯವರು ಸೂಜಿಯಲ್ಲಿ ಏನೋ ಔಷಧಿ ತಳ್ಳಿದರು, ಏರಿತು. ಕೊನೆಯ ಹೋಳನ್ನು ಬಿಟ್ಟೇಬಿಟ್ಟೆ, ಮುಚ್ಚಿದೆ.

ಬದುಕಿದಳು. ಕಣ್ಣು ಬಿಟ್ಟವಳ ಮೊದಲ ಮಾತು, “ಮಶೀನ್ ಡಿಪೋಕ್ಕ ಮುಟ್ಟೇತೇನ್ರಿ?”

ಎದ್ದು ಕೂರುವಷ್ಟಾದ ಮೇಲೆ ಒಂದು ಮಧ್ಯಾಹ್ನ ಅವಳಿಗೆ ಎಲ್ಲ ಹೇಳಿದೆ. ಅವಳ ತಾಯಿ ತೊರಗಲ್ಲಿನಿಂದ ಬಂದು ಹಾಸಿಗೆಯ ಬದಿಗೆ ಕೂತಿದ್ದಳು, ಡ್ರೈವರು ಕಿಟಕಿಗೆ ಒರಗಿದ್ದ. ಆಸರೆಯ ಕೋಶಗಳು ಯಾರನ್ನು ಎಲ್ಲಿ ಕೂರಿಸುತ್ತವೆ, ಯಾರನ್ನು ಯಾರ ಹತ್ತಿರ ಕಳಿಸುತ್ತವೆ, ಗದ್ದಲವಾದರೆ ಹೇಗೆ ತಡೆಯುತ್ತವೆ ಎಂದು ಗಂಭೀರವಾಗಿ ಉಪನ್ಯಾಸ ಮಾಡಿದೆ. ಅವಳು ಪೂರ್ತಿ ಕೇಳಿ, “ಅಷ್ಟ್ ಯಾಕ ಸುತ್ತಾಡಸ್ತೀರಿ? ಕಂಡಕ್ಟರ್ ಅನ್ರಿ” ಎಂದಳು. “ಹೆಣಮಕ್ಕಳು ಇಲ್ಲಿ ಕುಂಡ್ರ್ರಿ, ನಿಂತಾವ್ರು ಮುಂದ ಸರೀರಿ, ಕುಡದಾಂವ ಇಳಿ ಕೆಳಗ. ಮಂದಿ ಬಸ್ ನೋಡತಾರ, ಡ್ರೈವರನ್ನ ನೋಡತಾರ. ಕಂಡಕ್ಟರ್ ಇಲ್ಲಂದ್ರ ಗೊತ್ತಾಕ್ಕೈತಿ.”

“ಡ್ರೈವರನ್ನ ಯಾಕ ನಡುವ ತರ್ತೀರಿ ಅಕ್ಕಾರ” ಎಂದ ಡ್ರೈವರು.

“ನೀವ ನಡುವ ಎಮ್ಮಿ ತಂದ್ರೆಲ್ಲ.”

ನಗುವಾಗ ಹೊಲಿಗೆ ಎಳೆದು ಅವಳ ಕಣ್ಣಲ್ಲಿ ನೀರು ಬಂತು. ನನ್ನ ಜನ್ಮದಲ್ಲಿ ನನ್ನ ಉಪನ್ಯಾಸವನ್ನು ಇಷ್ಟು ಚಿಕ್ಕದು ಮಾಡಿ ಯಾರೂ ವಾಪಸ್ಸು ಕೊಟ್ಟಿರಲಿಲ್ಲ.

ಆದರೆ ಅವಳ ಹೊಟ್ಟೆಯೊಳಗಿನ ಆ ಬಸ್ಸು ಇನ್ನೂ ಕಟ್ಟಿಯೇ ಇರಲಿಲ್ಲ. ಅವಳ ಬೆರಳಿನ ಹನಿ ರಕ್ತವನ್ನು ಗಾಜಿಗೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪುಕಣಗಳಲ್ಲಿ ದುಂಡನೆಯ ಕರಿ ಚುಕ್ಕೆಗಳು ಕಾಣುತ್ತಿದ್ದವು. ತಿಲ್ಲಿ ಇದ್ದವರಲ್ಲಿ ಇವು ಕಾಣುವುದಿಲ್ಲ. ಅಕ್ಕಿಯಿಂದ ಹರಳು ಆರಿಸುವ ಹಾಗೆ ತಿಲ್ಲಿ ಅವನ್ನು ಆರಿಸಿ ತೆಗೆಯುತ್ತದೆ. ಚುಕ್ಕೆಗಳಿವೆ ಎಂದರೆ ಆರಿಸುವವರಿಲ್ಲ. ಹೋಳುಗಳು ಬೇರೂರಲು ತಿಂಗಳುಗಟ್ಟಲೆ ಬೇಕು. ಅಲ್ಲಿಯವರೆಗೆ ಇದ್ದ ರಕ್ಷೆ ಎರಡು: ಲಸಿಕೆ, ಎಚ್ಚರ.

ಲಸಿಕೆ ನಮ್ಮೂರಲ್ಲಿ ಸಿಗಲಿಲ್ಲ. ಬೆಳಗಾವಿಯಲ್ಲಿದೆ ಎಂದು ತಿಳಿದದ್ದೇ ತಡ, ಡ್ರೈವರು ರಜೆ ಹಾಕಿ ತಾನೇ ಹೋಗಿ ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ತಂದ. “ತಂಪು ಇರಬೇಕು” ಎಂದು ನಾನು ಹೇಳಿದ್ದೆ. ಅವನ ಪ್ರೀತಿಗೆ ಅಂಗಡಿಯವರು ಇಟ್ಟುಕೊಟ್ಟ ತಣ್ಣನೆಯ ಚೀಲಗಳು ಸಾಲಲಿಲ್ಲ. ದಾರಿಯಲ್ಲಿ ಸೋಡಾ ಅಂಗಡಿಯಿಂದ ಬರ್ಫು, ಎಂದರೆ ಐಸಿನ ಗಡ್ಡೆ, ಕೊಂಡು, ಒಡೆದು, ಕುಲ್ಫಿಯವರ ಹಾಗೆ ಉಪ್ಪು ಬೆರೆಸಿ, ಸೀಸೆಗಳ ಮೇಲೆ ಕೆಳಗೆ ಒತ್ತೊತ್ತಿ ತುಂಬಿದ್ದ.

“ಕಲ್ಲಾಗ್ಯಾವ ನೋಡ್ರಿ” ಎಂದು ಹೆಮ್ಮೆಯಿಂದ ಮುಚ್ಚಳ ತೆಗೆದ.

ಕಲ್ಲಾಗಿದ್ದವು. ಈ ಲಸಿಕೆಗಳು ತಂಪಿನಲ್ಲಿರಬೇಕು, ಹೆಪ್ಪುಗಟ್ಟಿದರೆ ಕೆಟ್ಟವು. ಕರಗಿಸಿ ಅಲುಗಾಡಿಸಿ ನೋಡಿದೆ. ಒಡೆದ ಹಾಲಿನ ಹಾಗೆ ತಳದಲ್ಲಿ ಹರಳು. ಬಿಸಾಕಿದೆ. ಅವನು ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. “ಅಕ್ಕಾರಿಗೆ ಹೇಳಬ್ಯಾಡ್ರಿ” ಎಂದ. ಮತ್ತೆ ಬೇಕೆಂದು ಬೆಳಗಾವಿಗೆ ತಿಳಿಸಿದೆ. ಬರುವ ತನಕ ಕಾಯಿರಿ ಎಂಬ ಉತ್ತರ ಬಂತು.

ಅಷ್ಟರಲ್ಲಿ ಗಾಯ ಮಾಗಿತ್ತು. ಮಂಚ ಹಿಡಿದು ಕೂರಿಸಲು ಕಾರಣವಿರಲಿಲ್ಲ. ತೊರಗಲ್ಲಿಗೆ ಹೊರಟಳು. ತಾಯಿಯ ಕೈಗೆ ಮಾತ್ರೆಯ ಪೊಟ್ಟಣ ಕೊಟ್ಟು, ನನ್ನ ಅತ್ಯಂತ ಗಂಭೀರ ದನಿಯಲ್ಲಿ ಹೇಳಿದೆ: “ಜ್ವರ ಬಂದ್ರ ಹಿಂದಮುಂದ ನೋಡಬ್ಯಾಡ್ರಿ. ಈ ಮಾತ್ರಿ ನುಂಗಿಸ್ರಿ, ಗಾಡಿ ಹಿಡೀರಿ, ಫೋನ್ ಮಾಡ್ರಿ. ಜ್ವರ ಬಂದ್ರ. ತಿಳೀತಿಲ್ಲ?”

“ತಿಳೀತ್ರಿ ಸಾಹೇಬ್ರ. ಜ್ವರ ಬಂದ್ರ.” ತಾಯಿ ಪಾಠ ಒಪ್ಪಿಸಿದಳು. ಅಂಗನವಾಡಿಯಲ್ಲಿ ಅಡಿಗೆ ಮಾಡುವವಳು. ಅಳತೆ ತಪ್ಪುವ ಹೆಂಗಸಲ್ಲ.

ಕೆಲವು ದಿನಗಳ ಮೇಲೆ ಡ್ರೈವರು ಮುನವಳ್ಳಿ ಸಂತೆಯ ಪೇರಲ ಹಣ್ಣು ಹಿಡಿದುಕೊಂಡು ಬಂದ. ಲಸಿಕೆ ಬಂತೇ ಎಂದು ಕೇಳಲು ಪೇರಲ ನೆಪ. ಬಂದಿಲ್ಲವೆಂದೆ. ಹೊರಡುವಾಗ ಬಾಗಿಲಲ್ಲಿ ನಿಂತು, ಮಾಮೂಲಿ ಮಾತೆಂಬಂತೆ ಹೇಳಿದ: “ಮುಂಜಾನೆ ಹಾದಿಯಾಗ ತೊರಗಲ್ದಾಗ ಅಕ್ಕಾರ ಮನಿಗೆ ಹೋಗಿದ್ನಿರಿ. ಆರಾಮ ಅದಾರ. ಮೈಯಾಗ ಒಂಚೂರು ಕಸರ ಐತಿ ಅಂತ ಮಲ್ಗಿದ್ರು.”

ಕಸರ. ಮರಾಠಿಯಿಂದ ಬಂದು ನಮ್ಮ ಕಡೆ ಮನೆ ಮಾಡಿಕೊಂಡ ಶಬ್ದ. ಮೈ ಬೆಚ್ಚಗಾಗಿದೆ, ಸಣ್ಣಗೆ ನೋಯುತ್ತದೆ, ಆದರೆ ಜ್ವರ ಎನ್ನುವಷ್ಟಿಲ್ಲ. ನಮ್ಮವ್ವನೂ ಅನ್ನುತ್ತಿದ್ದಳು: ಕಸರ ಇದ್ದರೆ ಸಾಲಿಗೆ ಹೋಗಬೇಕು, ಜ್ವರ ಬಂದರೆ ಮನೆಯಲ್ಲಿರಬಹುದು. ನಾನು ಆ ಭಾಷೆಯಲ್ಲೇ ಹುಟ್ಟಿ ಬೆಳೆದವ. ಪೇರಲ ಬಿಟ್ಟು ಫೋನಿಗೆ ಕೈ ಹಾಕಿದೆ.

ಫೋನು ತಾಯಿ ಎತ್ತಿದಳು. “ಇಲ್ರಿ ಸಾಹೇಬ್ರ, ಜ್ವರ ಬಂದಿಲ್ಲ. ನಿನ್ನಿಯಿಂದ ಬರೇ ಕಸರ.”

“ಮಾತ್ರಿ ಕೊಟ್ರೇನು?”

“ಜ್ವರ ಬಂದ್ರ ಕೊಡಂದಿದ್ರಿ. ಬಂದಿಲ್ರೆಲ್ಲ. ಮಾತ್ರಿ ಹಂಗ ಐತಿ, ಒಂದೂ ಮುಟ್ಟಿಲ್ಲ.”

“ಈಗ ಏನ್ ಮಾಡಾಕತ್ತಾಳ?”

“ಮಲಗ್ಯಾಳ್ರಿ. ಕೈಕಾಲ ಐಸ್ ಆದಾಂಗ ತಣ್ಣಗ ಆಗ್ಯಾವು. ಅದಕ್ಕ ಕಸರನೂ ಇಳೀತು ಅಂತ ಸುಮ್ಮನಿದ್ನಿ.”

ಕಸರ ಇಳಿದಿರಲಿಲ್ಲ. ಅವಳೇ ಇಳಿಯುತ್ತಿದ್ದಳು. ಎಚ್ಚರವಿದ್ದರೆ ಮಾತ್ರೆ ಕೊಡಿ, ಈಗಿಂದೀಗ ರಾಮದುರ್ಗಕ್ಕೆ ಹೊರಡಿ ಎಂದು ಕೂಗಿದೆ. ರಾಮದುರ್ಗದಲ್ಲಿ ಪರಿಚಯದ ಕಿರಿಯ ವೈದ್ಯನೊಬ್ಬನಿದ್ದ. ಅವನಿಗೆ ಫೋನು ಮಾಡಿ, “ರಕ್ತದ ರಿಪೋರ್ಟ್ ಕಾಯಬ್ಯಾಡ. ಬಾಗಲದಾಗ ಇಂಜೆಕ್ಷನ್ ಹಾಕು, ಸಲೈನ್ ಹಚ್ಚು, ಆಂಬುಲೆನ್ಸ್‌ನ್ಯಾಗ ಬೆಳಗಾವಿಗೆ ಬಿಡು. ನಾ ಯರಗಟ್ಟ್ಯಾಗ ಹತ್ತತೇನಿ” ಎಂದೆ. ಅವನು ಮರುಪ್ರಶ್ನೆ ಹಾಕಲಿಲ್ಲ. ಆ ಉಪಕಾರ ನಾನು ಮರೆತಿಲ್ಲ.

ನನ್ನ ಹಳೆಯ ಕಾರನ್ನು ಡ್ರೈವರೇ ಓಡಿಸಿದ. ಸ್ಟೇರಿಂಗು ಹಿಡಿದ ಅವನ ಗೆಣ್ಣುಗಳು ವಿಭೂತಿಗಿಂತ ಬೆಳ್ಳಗಿದ್ದವು. “ಈ ಸಲ ಬ್ರೇಕ್ ಮುಟ್ಟಾಂಗಿಲ್ರಿ” ಎಂದ. ಎಮ್ಮೆಗಳ ಪುಣ್ಯ, ಯಾವುದೂ ಅಡ್ಡ ಬರಲಿಲ್ಲ.

ಯರಗಟ್ಟಿಯ ಸರ್ಕಲ್ಲಿನಲ್ಲಿ ಹತ್ತಿಯ ಗಾಡಿಗಳ ನಡುವೆ ಆಂಬುಲೆನ್ಸು ನಿಂತಿತ್ತು. ಹಿಂದಿನ ಬಾಗಿಲು ತೆಗೆದೆ. ಕಾಲ ಬಳಿ ತಾಯಿ ಕೂತಿದ್ದಳು. ಮಗಳದು ಬೂದಿ ಬಣ್ಣದ ಮುಖ. ತಣ್ಣನೆಯ ಚರ್ಮದ ಮೇಲೆ ಅಲ್ಲಲ್ಲಿ ನೇರಳೆ ಮಚ್ಚೆ, ಬೆರಳ ತುದಿಗಳಲ್ಲಿ ದಟ್ಟವಾಗಿ. ನಾಡಿ ಮಣಿಕಟ್ಟಿನಲ್ಲಿ ಸಿಗಲಿಲ್ಲ, ಕುತ್ತಿಗೆಯಲ್ಲಿ ಸಿಕ್ಕಿತು. ಇಂಜೆಕ್ಷನ್ ಹಾಕಿದ್ದಾರೆ, ಸಲೈನು ಓಡುತ್ತಿದೆ. ಪ್ರೆಶರು ಏರಿಸುವ ಔಷಧಿ ಹನಿಹನಿ ಬಿಡುತ್ತ, ಆ ಹನಿಗಳನ್ನೇ ನೋಡುತ್ತ ಕೂತೆ. ಮಾಡಲು ಬೇರೇನೂ ಉಳಿದಿರಲಿಲ್ಲ. ನಾನು ಅಷ್ಟು ಕಾಳಜಿಯಿಂದ ಜೇಬು ಹೊಲಿದು ಮಲಗಿಸಿದ ಹೋಳುಗಳು ಇದೇ ಹೊಟ್ಟೆಯೊಳಗೆ, ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ, ನಿಷ್ಪ್ರಯೋಜಕವಾಗಿ ಕೂತಿದ್ದವು. ಚೌಕಟ್ಟು ಏಳುತ್ತಿದ್ದಿರಬಹುದು. ಆದರೆ ಮನೆ ಕಟ್ಟುವ ಮೊದಲೇ ಕಳ್ಳರು ಬಂದಿದ್ದರು.

ಅವಳು ಗೊಣಗುತ್ತಿದ್ದಳು. ಕಿವಿ ಹತ್ತಿರ ಒಯ್ದೆ.

“ಮುಂದ ಸರೀರಿ... ಮುಂದ ಜಾಗಾ ಐತಿ... ಬಾಗಲದಾಗ ನಿಂದ್ರಬ್ಯಾಡ್ರಿ...”

“ನೀನೂ ಬಾಗಲದಾಗ ನಿಂದ್ರಬ್ಯಾಡವ್ವ” ಎಂದೆ. ಯಾರಿಗೂ ಕೇಳದ ಹಾಗೆ ಹೇಳಿದೆನೆಂದುಕೊಂಡಿದ್ದೆ. ಕಾರನ್ನು ಯರಗಟ್ಟಿಯಲ್ಲೇ ಬಿಟ್ಟು ಆಂಬುಲೆನ್ಸಿನ ಮುಂದಿನ ಸೀಟು ಹತ್ತಿದ್ದ ನಮ್ಮ ಡ್ರೈವರು ಅಳುವುದು ಕೇಳಿಸಿತು.

ಬೆಳಗಾವಿಯ ತೀವ್ರ ನಿಗಾ ಘಟಕದವರು ಅವಳನ್ನು ನನ್ನ ಕೈಯಿಂದ ಕಸಿದುಕೊಂಡರು. ಕಸಿದುಕೊಂಡರು ಎನ್ನುವುದೇ ಸರಿ; ನನ್ನ ಕೈ ಬಿಡುತ್ತಿರಲಿಲ್ಲ. ಅಲ್ಲಿಂದ ಮುಂದೆ ನಾನು ವೈದ್ಯನಲ್ಲ, ಬೆಂಚಿನ ಮೇಲೆ ಕೂತ ಸಂಬಂಧಿಕ. ಒಂದೇ ಬೆಂಚು. ಒಂದು ತುದಿಗೆ ತಾಯಿ, ಕಣ್ಣು ಮುಚ್ಚಿ ಬುದ್ಧನಿಗೆ ಶರಣು ಹೇಳಿಕೊಳ್ಳುತ್ತಿದ್ದಳು. ಇನ್ನೊಂದು ತುದಿಗೆ ಡ್ರೈವರು, ಅಂಗಿಯೊಳಗಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು. ನಡುವೆ ನಾನು, ಹಿಡಿದುಕೊಳ್ಳಲು ಏನೂ ಇಲ್ಲದವ.

ತಾಯಿ ಕಣ್ಣು ತೆರೆದು ನನ್ನ ಕಡೆ ತಿರುಗಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಖವಿತ್ತು.

“ನೀವು ಜ್ವರ ಅಂದ್ರಿ ಸಾಹೇಬ್ರ” ಎಂದಳು. “ನಾ ಜ್ವರದ ಹಾದಿ ಕಾಯ್ಕೋತ ಕುಂತಿದ್ನಿ. ಅದು ಬರಲೇ ಇಲ್ಲ.”

ಅವಳು ನನ್ನ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಳು. ಪಾಲಿಸಲು ನಾನು ಕೊಟ್ಟ ಶಬ್ದವೇ ಅವಳ ಮನೆಯ ಅಳತೆಯಲ್ಲಿ ಒಂದು ಮೆಟ್ಟಿಲು ಮೇಲಿತ್ತು.

ಅವಳು ಉಳಿದಳು. ಬಹಳ ದಿನ ಯಂತ್ರದ ಉಸಿರಿನಲ್ಲಿದ್ದು, ಇವತ್ತಿಲ್ಲ ನಾಳೆ ಎಂದು ಎಲ್ಲರೂ ಒಳಗೊಳಗೇ ಲೆಕ್ಕ ಹಾಕಿಬಿಟ್ಟ ಮೇಲೆ, ಉಳಿದಳು. ಬಲಗೈಯ ಎರಡು ಬೆರಳ ತುದಿ ಉಳಿಯಲಿಲ್ಲ. ಕಪ್ಪಾಗಿ ಒಣಗಿದ್ದವನ್ನು ನಾನೇ ಬೈಲಹೊಂಗಲದಲ್ಲಿ ತೆಗೆದೆ. ಅರಿವಳಿಕೆಯವರು ಮತ್ತೆ ಕಿತ್ತೂರಿನಿಂದ ಬಂದರು. ಅವಳು ಪಟ್ಟಿ ಕಟ್ಟಿದ ಕೈ ನೋಡಿಕೊಂಡು, “ಟಿಕೆಟ್ ಗುಂಡಿ ಒತ್ತಾಕ ಹೆಬ್ಬಟ್ಟು ಸಾಕು” ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು.

ಲಸಿಕೆ ಬಂತು. ಡ್ರೈವರು ಪೆಟ್ಟಿಗೆಯನ್ನು ಮಡಿಲಲ್ಲಿ ಕೂಸಿನ ಹಾಗೆ ಇಟ್ಟುಕೊಂಡು ತಂದ. “ಬರ್ಫ್ ಹಾಕಿಲ್ರಿ, ಫೂ ಅಂತ ಊದಿನೂ ಇಲ್ಲ” ಎಂದ.

ಈಗ ನಾನು ಯಾರನ್ನು ಮನೆಗೆ ಕಳಿಸುವಾಗಲೂ ಮೊದಲು ಕೇಳುತ್ತೇನೆ: ನಿಮ್ಮ ಮನ್ಯಾಗ ಮೈ ಬೆಚ್ಚಗಾದ್ರ ಏನಂತೀರಿ? ಸವದತ್ತಿಯ ಕಡೆಯವರೊಬ್ಬರು ಒಂದು ಹೇಳುತ್ತಾರೆ, ಕಿತ್ತೂರಿನವರು ಇನ್ನೊಂದು. ಅವರ ಮೊದಲ ಮೆಟ್ಟಿಲಿನ ಶಬ್ದ ಯಾವುದೋ ಅದನ್ನೇ ಹಿಡಿದು ಹೆದರಿಸುತ್ತೇನೆ. ಜ್ವರ ಎಂಬ ಶಬ್ದವನ್ನು ನಾನು ಬಿಟ್ಟು ಎಷ್ಟೋ ಕಾಲವಾಯಿತು.

ಕಂಡಕ್ಟರಕ್ಕ ಕೆಲಸಕ್ಕೆ ಹೋದಳು. ತಿಂಗಳುಗಳು ಕಳೆದವು. ಒಂದು ಮುಂಜಾನೆ ಹೊರಗೆ ಪರಿಚಯದ ಹಾರ್ನು. ಎದ್ದು ನೋಡಿದರೆ ಗೇಟಿ‌ನಲ್ಲಿ ಬಸ್ಸು, ಹಣೆಯ ಮೇಲೆ ರಾಮದುರ್ಗ–ಬೈಲಹೊಂಗಲ, ಕಿಟಕಿ ತುಂಬ ಸಿಟ್ಟಿನ ಮುಖಗಳು. ಸ್ಟ್ರೆಚರಿಗೆ ಕೂಗಿದೆ.

ಅವಳು ತಾನೇ ನಡೆದು ಬಂದಳು. “ಕಸರ ಐತ್ರಿ. ತೊರಗಲ್ ದಾಟಿದ ಮ್ಯಾಲ ಗೊತ್ತಾತು. ಮಾತ್ರಿ ಅಲ್ಲೇ ನುಂಗೇನಿ. ಇವರಿಗೆ ಸೀದಾ ಹೊಡೀರಿ ಅಂದ್ನಿ.”

ಇಂಜೆಕ್ಷನ್ ಮೊದಲು ಹಾಕಿದೆ, ಮಾತು ಆಮೇಲೆ. ನಾಡಿ ಗಟ್ಟಿಯಾಗಿತ್ತು. ಪ್ರೆಶರು ಸರಿಯಿತ್ತು. ಮೂಗು ಸೋರುತ್ತಿತ್ತು. ಅವಳ ಮೊಂಡು ಬೆರಳು ಬಿಟ್ಟು ಪಕ್ಕದ ಬೆರಳು ಚುಚ್ಚಿ, ಹನಿಯನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿದೆ. ಗಾಜನ್ನು ಸರಿಸಿದೆ. ಖಾಲಿ ಕೆಂಪುಕಣಗಳು; ಹೋಳುಗಳು ಚುಕ್ಕೆ ಆರಿಸತೊಡಗಿದವೇ? ಸರಿಸಿದೆ. ಖಾಲಿ. ಸರಿಸಿದೆ. ಒಂದು ಕಣದಲ್ಲಿ ದುಂಡನೆಯ ಕರಿ ಚುಕ್ಕೆ. ಅಲ್ಲೇ ನಿಂತೆ. ಇನ್ನೂ ಇದೆ. ಮುಂದೆ ಸರಿಸಲು ಧೈರ್ಯವಾಗಲಿಲ್ಲ.

ಹೊರಗೆ ಡ್ರೈವರು ಹಾರ್ನು ಒತ್ತಿದ. ಯಾರೋ ಕೂಗಿದರು: “ಕೋರ್ಟ್ ತಾರೀಖ ಐತ್ರೀ ನನ್ದು!”

“ಏನ್ ಕಾಣತೈತ್ರಿ?” ಅವಳು ನನ್ನ ಹೆಗಲ ಹಿಂದೆ ಬಂದು ನಿಂತಿದ್ದಳು.

“ಒಂದ್ ಚುಕ್ಕಿ.”

“ಒಂದ?”

“ಸದ್ಯಕ್ಕ ಒಂದ.”

“ಮತ್ತ ಒಬ್ಬನ್ನ ಹಿಡಕೊಂಡ ಯಾಕ ನಿಂತೀರಿ ಡಾಕ್ಟರ್ರ?” ಎಂದಳು ಕಂಡಕ್ಟರಕ್ಕ. “ಮುಂದ ಸರೀರಿ.”

ಸರಿಸಿದೆ.